ಎಲ್ಫ್‌ಗೆ ಕನ್ನಡದಲ್ಲಿ ಏನಂತಾರೆ?

ಕಳೆದ ನವೆಂಬರ್‌ನಲ್ಲಿ ನಮ್ಮ ಕ್ಲಬ್‌ನವರು ರಾಜ್ಯೋತ್ಸವಕ್ಕೆ ಅನುವಾದ ಸ್ಪರ್ಧೆ ಇಟ್ಟಿದ್ದರು, ನೆನಪಿದೆಯಾ? ನಿಮಗೆ ಇಷ್ಟವಾದ ಇಂಗ್ಲಿಷ್ ಪುಸ್ತಕದ ಎರಡು ಪುಟ ಕನ್ನಡಕ್ಕೆ ಮಾಡಿ ಕೊಡಿ ಅಂತ. ನಾನೂ ಹೆಸರು ಕೊಟ್ಟಿದ್ದೆ. ಕೊನೆಗೆ ಏನೂ ಕೊಡಲಿಲ್ಲ. ಸಂಪಾದಕರು "ಅದರ ಬದಲು ಏನಾದ್ರೂ ಬರ್ಕೊಡು ಮಾರಾಯ" ಅಂತ ಮೂರು ತಿಂಗಳಿಂದ ಹಿಂದೆ ಬಿದ್ದಿದಾರೆ. ಯಾಕೆ ಕೊಡಲಿಲ್ಲ ಅನ್ನೋದನ್ನೇ ಬರೆದುಬಿಡ್ತೀನಿ.

ಮೊದಲೇ ಹೇಳ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜು. ಓದ್ತೀನಿ, ಬರೆಯುವಾಗ ಕೈ ತಡವರಿಸುತ್ತೆ. ಒತ್ತಕ್ಷರ ತಪ್ಪಿದ್ದರೆ ಸಂಪಾದಕರನ್ನು ಬೈಯಿರಿ, ತಿದ್ದೋದು ಅವರ ಕೆಲಸ.

ನಾನು ಆರಿಸಿಕೊಂಡಿದ್ದು ಟೋಲ್ಕಿನ್ ಬರೆದ 'ದ ಲಾರ್ಡ್ ಆಫ್ ದ ರಿಂಗ್ಸ್'. 1954-55ರಲ್ಲಿ ಬಂದ ಪುಸ್ತಕ. ಎಂಟನೇ ಕ್ಲಾಸಲ್ಲಿ ಮೊದಲು ಸಿನಿಮಾ ನೋಡಿ, ಆಮೇಲೆ ಪುಸ್ತಕ ಹಿಡಿದು, ಇವತ್ತಿನವರೆಗೆ ನಾಲ್ಕು ಸಲ ಓದಿದೀನಿ. ಅದರಲ್ಲಿ ಲೋತ್‌ಲೋರಿಯೆನ್ ಅಂತ ಒಂದು ಕಾಡು ಬರುತ್ತೆ. ಎಲ್ಫ್‌ಗಳ ನಾಡು. ಅಲ್ಲಿ ಮ್ಯಾಲೋರ್ನ್ ಅನ್ನೋ ಮರಗಳು. ಬೆಳ್ಳಿ ಥರದ ತೊಗಟೆ. ಎಲೆ ಹಣ್ಣಾದಾಗ ಬಂಗಾರದ ಬಣ್ಣಕ್ಕೆ ತಿರುಗುತ್ತೆ, ಆದರೆ ಉದುರಲ್ಲ. ವಸಂತದಲ್ಲಿ ಹೊಸ ಚಿಗುರು ಬಂದ ಮೇಲೇ ಉದುರೋದು. ಎಲ್ಫ್‌ಗಳು ಆ ಮರಗಳ ಮೇಲೆ ಅಟ್ಟ ಕಟ್ಟಿಕೊಂಡು ಇರ್ತಾರೆ. ಅಲ್ಲಿ ಕಾಲವೇ ನಿಂತ ಹಾಗೆ, ಏನೂ ಹಳೆಯದಾಗಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ನಾನು ಇವತ್ತಿಗೂ ಓದೋದು ಆ ಅಧ್ಯಾಯವನ್ನೇ. ಅದನ್ನೇ ಅನುವಾದ ಮಾಡೋಣ ಅಂತ ಕೂತೆ.

ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ಎಲ್ಫ್‌ಗೆ ಕನ್ನಡದಲ್ಲಿ ಏನಂತಾರೆ? ಯಕ್ಷ ಅಂದರೆ ಕೆರೆ ಪಕ್ಕ ನಿಂತು ಧರ್ಮರಾಯನಿಗೆ ವೈವಾ ಮಾಡಿದವನು ನೆನಪಾಗ್ತಾನೆ. ಕಿನ್ನರ ಅಂದರೆ ಕುದುರೆ ಮುಖ. ಗಂಧರ್ವ ಅಂದರೆ ಆಕಾಶದಲ್ಲಿ ಹಾಡಿಕೊಂಡು ಹೋಗೋನು. ವನದೇವತೆ ಅಂತ ಬರೆದು ನೋಡಿದೆ, ಕ್ಯಾಲೆಂಡರ್‌ನ ಸೀರೆ ಉಟ್ಟ ಅಮ್ಮನವರು ಕಣ್ಣ ಮುಂದೆ ಬಂದರು. ಇನ್ನು ಅವರ ಮರಗಳಿಗೆ 'ಪವಿತ್ರ ವೃಕ್ಷಗಳು' ಅಂತ ಹಾಕಿದ್ದೆ. ಅಡುಗೆಮನೆ ಬಾಗಿಲಲ್ಲಿ ಕೂತು ಹುರಳಿಕಾಯಿ ಸೋಸ್ತಿದ್ದ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ಪವಿತ್ರ ವೃಕ್ಷ ಯಾಕೋ ಪುಟ್ಟ? ದೇವರ ಮರ ಅನ್ನು, ಸಾಕು" ಅಂದಳು. ಆಮೇಲೆ ಅಭ್ಯಾಸಬಲದಿಂದ ಹಿತ್ತಿಲ ಕಡೆ ತಿರುಗಿದಳು. ಅಲ್ಲಿ ಈಗ ಹಿತ್ತಿಲಿಲ್ಲ, ಪಿಜಿ ಹುಡುಗರ ಮೆಟ್ಟಿಲಿದೆ.

ಅಲ್ಲಿ ಒಂದು ಸಂಪಿಗೆ ಮರ ಇತ್ತು. ಸರಸ್ವತಿಪುರಂನ ಹಳೇ ಮನೆ ನಮ್ಮದು. ಅಜ್ಜಿ ಮದುವೆಯಾಗಿ ಬಂದಾಗಲೇ ಆ ಮರ ಮಾಡಿನ ಎತ್ತರಕ್ಕಿತ್ತಂತೆ. ನನ್ನ ಸಿಇಟಿ ರ‍್ಯಾಂಕ್ ಬಂದ ವರ್ಷ ಅಪ್ಪ ಫೀಸಿನ ಲೆಕ್ಕ ಹಾಕಿ, ಹಿಂದೆ ನಾಲ್ಕು ರೂಮು ಕಟ್ಟಿ ಪಿಜಿಗೆ ಬಿಡೋದು ಅಂತ ತೀರ್ಮಾನ ಮಾಡಿದ. ಅಪ್ಪನದು ತಪ್ಪು ಅಂತ ನಾನು ಹೇಳಲ್ಲ. ಆ ಬಾಡಿಗೆಯಿಂದಲೇ ನಾನು ಈ ಕಾಲೇಜಲ್ಲಿ ಕೂತಿರೋದು. ಮರ ಕಡಿಯೋರು ಬಂದ ದಿನ ಅಜ್ಜಿ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಚೊಂಬು ನೀರು ಹಾಕಿ, "ಊಟ ಆದಮೇಲೆ ಶುರು ಮಾಡಿ" ಅಂದಳು. ನಾನು ಮೇಲಿನ ರೂಮಲ್ಲಿ ಹೆಡ್‌ಫೋನ್ ಹಾಕಿಕೊಂಡು ಆಪ್ಷನ್ ಎಂಟ್ರಿ ಮಾಡ್ತಿದ್ದೆ. ಕೆಳಗೆ ಬಂದಾಗ ಹಿತ್ತಿಲೆಲ್ಲ ಬೆಳಕು. ಅಷ್ಟು ಬೆಳಕು ಅಲ್ಲಿ ಯಾವತ್ತೂ ನೋಡಿರಲಿಲ್ಲ.

ಇರಲಿ. ಅನುವಾದ ಅಲ್ಲಿಗೇ ನಿಂತಿತು. ಮಾರನೇ ದಿನ ಲ್ಯಾಬಲ್ಲಿ ಆ ನೋಟ್‌ಬುಕ್ ನನ್ನ ಬ್ಯಾಚ್‌ಮೇಟ್ ಕೈಗೆ ಸಿಕ್ಕಿತು. ಅವನದು ಯಳಂದೂರು ಕಡೆ, ಹಾಸ್ಟೆಲಲ್ಲಿ ಅವನ ಹೆಸರೇ ಯಳಂದೂರು ಆಗಿಹೋಗಿದೆ. ರೀಡಿಂಗ್ ತಗೊಳ್ಳೋದು ಬಿಟ್ಟು ಪೂರ್ತಿ ಓದಿದ. "ಇದೇನ್ಲಾ, ನಮ್ ಬೆಟ್ಟದ್ ಕತೆ ಬರ್ದಿದೀಯ? ಕಾಡು, ದೇವ್ರ ಮರ, ಒಳಗೇ ಇರೋ ಜನ. ದೊಡ್ಡ ಸಂಪಿಗೆ ಹೆಸ್ರು ಕೇಳಿಲ್ವಾ?"

ಕೇಳಿರಲಿಲ್ಲ. ಅವನು ಹೇಳಿದ್ದು ಬಿಳಿಗಿರಿರಂಗನಬೆಟ್ಟ. ಮೈಸೂರಿಂದ 90 ಕಿಲೋಮೀಟರ್ ಹತ್ತಿರ. ನಮ್ಮ ಮನೆಯವರ ಜೊತೆ ಎರಡು ಸಲ ಹೋಗಿದ್ದೆ ಕೂಡ. ದರ್ಶನ, ಪುಳಿಯೋಗರೆ, ಒಂದು ಗ್ರೂಪ್ ಫೋಟೋ, ವಾಪಸ್. ಅಷ್ಟೇ.

ಇಂಟರ್ನಲ್ಸ್ ಮುಗಿದ ಶನಿವಾರ ಇಬ್ಬರೂ ಬಸ್ ಹತ್ತಿದೆವು. ಯಳಂದೂರಲ್ಲಿ ಇಳಿದು ಅವರಮ್ಮ ಕೊಟ್ಟ ರೊಟ್ಟಿ ತಿಂದು ಬೆಟ್ಟದ ಬಸ್ಸು. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ತಿರುವುಗಳು ಶುರು, ಗಾಳಿ ತಣ್ಣಗಾಗುತ್ತೆ. ರಸ್ತೆ ಎರಡೂ ಕಡೆ ಚಿಕ್ಕ ಚಿಕ್ಕ ಬಣ್ಣದ ಹೂವಿನ ಪೊದೆ ದಟ್ಟವಾಗಿ ಬೆಳೆದಿತ್ತು. ಎಷ್ಟು ಚೆನ್ನಾಗಿದೆ ಅಂತ ವಿಡಿಯೋ ಮಾಡಿಕೊಂಡೆ. ಅದೇನು ಅಂತ ಆಮೇಲೆ ಗೊತ್ತಾಯ್ತು, ಹೇಳ್ತೀನಿ.

ಬೆಟ್ಟದ ಮೇಲಿನ ರಂಗನಾಥಸ್ವಾಮಿ ಆ ಕಾಡಿನ ಸೋಲಿಗರಿಗೆ ಭಾವ ಆಗಬೇಕು. ಕುಸುಮಾಲೆ ಅನ್ನೋ ಸೋಲಿಗರ ಹುಡುಗಿಯನ್ನು ಮದುವೆಯಾದ ಅಂತ ಕತೆ. ಹಾಗಾಗಿ ಅವರು ದೇವರನ್ನು ಕರೆಯೋದೇ ಭಾವ ಅಂತ. ಭಾವ ಅಂದಮೇಲೆ ರೇಗಿಸಬಹುದು, ಜಗಳ ಆಡಬಹುದು. ಆ ದೇವರು ಕಾಡಲ್ಲಿ ಓಡಾಡಿ ಸವೆಸ್ತಾನೆ ಅಂತ ದೊಡ್ಡ ಚರ್ಮದ ಚಪ್ಪಲಿ ಹೊಲಿದು ಒಪ್ಪಿಸೋ ಸಂಪ್ರದಾಯವೂ ಇದೆ. ನನ್ನ ಪುಸ್ತಕದ ಎಲ್ಫ್‌ಗಳ ದೇವತೆಗಳು ಸಮುದ್ರದಾಚೆ ಎಲ್ಲೋ ಇರ್ತಾರೆ. ಯಾರೂ ಅವರನ್ನು ಭಾವ ಅನ್ನಲ್ಲ.

ಈಗ ದೊಡ್ಡ ಸಂಪಿಗೆ ವಿಷಯ. ಅದು ಕಾಡಿನ ಒಳಗೆ, ಭಾರ್ಗವಿ ಹೊಳೆ ಪಕ್ಕ ಇರೋ ಸಂಪಿಗೆ ಮರ. 100 ಅಡಿಗೂ ಹೆಚ್ಚು ಎತ್ತರ. ಬುಡದಲ್ಲಿ ಲಿಂಗ ಅಂತ ಪೂಜೆ ಮಾಡೋ ಕಲ್ಲುಗಳು. ವಯಸ್ಸು ಆರುನೂರು ಅಂತ ಕೆಲವರು, ಎರಡು ಸಾವಿರ ಅಂತ ಕೆಲವರು. ಸೋಲಿಗರಿಗೆ ಅದೇ ದೇವರು. ನಾವು ಅದನ್ನು ನೋಡಲಿಲ್ಲ. ಹುಲಿ ಕಾಡು, ಅನುಮತಿ ಇಲ್ಲದೆ ನಡೆದುಕೊಂಡು ಹೋಗೋಕೆ ಬಿಡಲ್ಲ, ಬಿಡಲೂಬಾರದು. ಎಷ್ಟು ನಿರಾಸೆ ಆಯ್ತು ಅಂದರೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಲೋತ್‌ಲೋರಿಯೆನ್ ಒಳಗೆ ಹೋಗುವಾಗ ಗಿಮ್ಲಿಯ ಕಣ್ಣಿಗೆ ಬಟ್ಟೆ ಕಟ್ಟಬೇಕು ಅಂತಾರೆ. ಅವನು ಸಿಟ್ಟಾದಾಗ ಹಾಗಾದರೆ ನಮಗೆಲ್ಲರಿಗೂ ಕಟ್ಟಿ ಅಂತ ಜೊತೆಯವರು ಒಪ್ಪಿಕೊಳ್ತಾರೆ. ಇದನ್ನು ಯಳಂದೂರಿಗೆ ಹೇಳಿದೆ. "ನಿಂಗೆ ಬುಡ್ಲಿಲ್ಲ ಅಂತ ಬೇಜಾರು. ಆ ಮರ ಯಾರ್ದೋ, ಅವ್ರೂ ಕೇಳ್ಕಂಡೇ ಹೋಗ್ಬೇಕು. ಬಾ" ಅಂದ.

ಅವನು ಕರಕೊಂಡು ಹೋಗಿದ್ದು ಒಂದು ಪೋಡಿಗೆ. ಪೋಡು ಅಂದರೆ ಸೋಲಿಗರ ಹಾಡಿ. ಅಲ್ಲಿ ಅವನ ಹೈಸ್ಕೂಲು ಸ್ನೇಹಿತ ಇದ್ದ, ಎಲೆಕ್ಟ್ರಿಕಲ್ ಡಿಪ್ಲೊಮಾ ಓದ್ತಿದಾನೆ, ರಜಕ್ಕೆ ಬಂದಿದ್ದ. ಕಾಫಿ ಕೊಟ್ಟರು, ಅವರೇ ಬೆಳೆದ ಕಾಫಿ. ನಾನು ಉತ್ಸಾಹದಲ್ಲಿ "ನೀವು ಥೇಟ್ ಎಲ್ಫ್‌ಗಳ ಥರ!" ಅಂದುಬಿಟ್ಟೆ.

"ಎಲ್ಫು ಅಂದ್ರೆ ಯಾರು?"

ಫೋನಲ್ಲಿ ಚಿತ್ರ ತೋರಿಸಿದೆ. ಬಿಳೀ ಮುಖ, ಹೊಂಬಣ್ಣದ ಉದ್ದ ಕೂದಲು, ಚೂಪು ಕಿವಿ. ಒಂದೂ ಕಲೆಯಿಲ್ಲದ ಬಟ್ಟೆ. ಅವನು ತುಂಬ ಹೊತ್ತು ನೋಡಿದ. ಅವರ ತಾತನಿಗೂ ತೋರಿಸಿದ. ತಾತ ಏನೋ ಕೇಳಿದರು, ಸೋಲಿಗ ನುಡಿ ಕನ್ನಡಕ್ಕೆ ಹತ್ತಿರ ಇದ್ದರೂ ನನಗೆ ಪೂರ್ತಿ ತಿಳಿಯಲಿಲ್ಲ. ಹುಡುಗ ನಗ್ತಾ ಬಿಡಿಸಿ ಹೇಳಿದ: "ಇವ್ರು ಊಟಕ್ಕೆ ಏನ್ ಮಾಡ್ಕತಾರೆ ಅಂತ ಕೇಳ್ತಾವ್ರೆ."

ನಾಲ್ಕು ಸಲ ಓದಿದ ಪುಸ್ತಕ. ಉತ್ತರ ಬರಲಿಲ್ಲ. ಲೆಂಬಾಸ್ ಅಂತ ಒಂದು ರೊಟ್ಟಿ ಬರುತ್ತೆ, ಒಂದು ತುಂಡು ತಿಂದರೆ ಇಡೀ ದಿನ ನಡೀಬಹುದು. ಅದರ ಹಿಟ್ಟು ಯಾರು ಬೀಸಿದರು, ಕಾಳು ಯಾವ ಹೊಲದ್ದು, ಆ ಅಧ್ಯಾಯದಲ್ಲಿ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ತಾತ, ಮೊಮ್ಮಗ ಇಬ್ಬರೂ ಸೇರಿ ಹೇಳಿದ್ದು, ನಾನು ವಾಪಸ್ ಬಂದು ಓದಿದ್ದು, ಎರಡನ್ನೂ ಸೇರಿಸಿ ಬರೀತೀನಿ. ಸೋಲಿಗರಲ್ಲಿ ಕುಲಗಳಿವೆ. ಸೂರೀರು, ತೆನೇರು, ಹಾಲೇರು ಹೀಗೆ. ಕಾಡು ಅವರಿಗೆ ಒಂದೇ ಕಾಡಲ್ಲ, ಒಂದೊಂದು ಕುಲಕ್ಕೆ ಸೇರಿದ ಯೆಲ್ಲೆಗಳು. ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ಅಬ್ಬಿ ಅಂದರೆ ನೀರಿನ ಜಾಗ. ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೋಲಿಗ ಹಿರಿಯರು ಜಿಪಿಎಸ್ ಹಿಡಿದು ನಡೆದು ಇಂಥ ಜಾಗಗಳ ನಕ್ಷೆ ಮಾಡಿದರು, 480ಕ್ಕೂ ಹೆಚ್ಚು ಸಿಕ್ಕವು. (ಸಿವಿಲ್‌ನವರೇ, ನಮ್ಮ ಸರ್ವೇ ಲ್ಯಾಬಲ್ಲಿ ಬಾಸ್ಕೆಟ್‌ಬಾಲ್ ಕೋರ್ಟಿನ ನಾಲ್ಕು ಮೂಲೆ ಗುರುತು ಮಾಡೋಕೆ ಎರಡು ವಾರ ಬೇಕಾಯ್ತು.) ಟೋಲ್ಕಿನ್ ಕೂಡ ತನ್ನ ಲೋಕದ ನಕ್ಷೆ ಬರೆದ, ನನ್ನ ರೂಮಿನ ಗೋಡೆ ಮೇಲೆ ಅದು ಅಂಟಿಸಿದೆ.

1974ರಲ್ಲಿ ಆ ಕಾಡು ವನ್ಯಜೀವಿಧಾಮ ಆಯ್ತು. ಬೇಟೆ ನಿಂತಿತು, ಕಾಡೊಳಗಿನ ಬೇಸಾಯ ನಿಂತಿತು, ಒಳಗಿದ್ದವರು ಅಂಚಿಗೆ ಬಂದರು. ತರಗು ಬೆಂಕಿಯೂ ನಿಂತಿತು. ಬೇಸಿಗೆಯ ಮೊದಲಲ್ಲೇ, ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಹಾಕಿ ನೆಲ ಸುಟ್ಟುಬಿಡೋದು ಅವರ ರೂಢಿ. ಬೆಂಕಿ ಮೇಲಕ್ಕೆ ಏರಲ್ಲ, ಕೆಳಗಿನ ಕಳೆ ಸಾಯುತ್ತೆ, ಆಮೇಲೆ ದೊಡ್ಡ ಕಾಳ್ಗಿಚ್ಚಿಗೆ ಸುಡೋಕೆ ಏನೂ ಉಳಿದಿರಲ್ಲ. ಇದು ನಿಂತ ಮೇಲೆ ಲಂಟಾನ ಹಬ್ಬಿತು ಅನ್ನೋದು ಅವರ ಮಾತು. ಸಂಶೋಧಕರು ಅಳೆದು ನೋಡಿದಾಗ, 1997ರಲ್ಲಿ ನೂರು ಕಡೆ ನೋಡಿದರೆ ನಲವತ್ತರಷ್ಟು ಕಡೆ ಇದ್ದ ಲಂಟಾನ 2008ರ ಹೊತ್ತಿಗೆ ಎಂಬತ್ತು ಕಡೆ ಇತ್ತು. ಅಮೆರಿಕ ಖಂಡದಿಂದ ಅಲಂಕಾರಕ್ಕೆ ತಂದ ಗಿಡ. ನಾನು ಬಸ್ಸಿಂದ ವಿಡಿಯೋ ಮಾಡಿಕೊಂಡ ಹೂವು ಅದೇ.

2011ರ ಜನವರಿಯಲ್ಲಿ ಕಾಡು ಹುಲಿ ಮೀಸಲು ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ದೇವರ ಜಾಗಗಳಿಗೆ ಹೋಗೋದು, ಎಲ್ಲ ಅದರಲ್ಲಿದೆ. ಅದರ ಕತೆ ಹೇಳುವಾಗ ಮಾತ್ರ ಆ ಹುಡುಗನ ದನಿ ಏರಿತು. ಅವನಿಗೆ ಆಗ ಐದಾರು ವರ್ಷ, ಆದರೂ ಅವತ್ತಿನ ಗಲಾಟೆ ನೆನಪಿದೆಯಂತೆ. ಪತ್ರದಲ್ಲಿರೋದು ಒಂದು, ಕಾಡಲ್ಲಿ ನಡೆಯೋದು ಒಂದು, ಅದಕ್ಕಾಗಿ ಇನ್ನೂ ಓಡಾಡ್ತಾನೇ ಇದೀವಿ ಅಂದ.

ನನ್ನ ಪುಸ್ತಕದ ಕೊನೆಯಲ್ಲಿ ಉಂಗುರದ ಶಕ್ತಿ ಹೋಗಿ, ಎಲ್ಫ್‌ಗಳು ಹಡಗು ಹತ್ತಿ ಹೊರಟುಹೋಗ್ತಾರೆ. ಎಂಟನೇ ಕ್ಲಾಸಲ್ಲಿ ಅದನ್ನು ಓದಿ ಬಾತ್‌ರೂಮಲ್ಲಿ ಅತ್ತಿದ್ದೆ, ಯಾರಿಗೂ ಹೇಳಬೇಡಿ. ಅವರ ಕಾಡು ಉಳಿದಿದ್ದು ಉಂಗುರದಿಂದ. ಇಲ್ಲಿಯವರು ನೆಲ ಸುಟ್ಟು, ಗೆಣಸು ಅಗೆದು ಮತ್ತೆ ಒಂದು ತುಂಡು ಅಲ್ಲೇ ಹೂತು, ಎಲ್ಲಾ ಜೇನು ಬಾಚದೆ ಉಳಿಸಿಕೊಂಡ ಕಾಡು. ಇವರಿಗೆ ಹಡಗಿಲ್ಲ, ಹೊರಡೋ ಆಸೆಯೂ ಇಲ್ಲ. ಹೊರಡುವಾಗ ಯಳಂದೂರು ಮೆಲ್ಲಗೆ ಹೇಳಿದ: "ಇನ್ನೊಂದ್ ಸಲ ಅವ್ರನ್ನ ಎಲ್ಫು ಅನ್ಬೇಡ ಕಣ್ಲಾ. ಅವ್ನು ಮುಂದಿನ್ ವರ್ಷ ಲ್ಯಾಟರಲ್ ಎಂಟ್ರಿಲಿ ನಮ್ ಕಾಲೇಜ್ಗೇ ಬರ್ಬೋದು."

ಅನುವಾದ ಕೊಡದೇ ಇದ್ದಿದ್ದು ಇದಕ್ಕೇ. ಎಲ್ಫ್ ಪದಕ್ಕೆ ಜಾಗ ಖಾಲಿ ಬಿಟ್ಟಿದ್ದೆ, ತುಂಬೋಕೆ ಆಗಲಿಲ್ಲ.

ಮನೆಗೆ ಬಂದಾಗ ಅಜ್ಜಿ ಕೇಳಿದ್ದು "ಸಂಪಿಗೆ ನೋಡಿದ್ಯಾ?" ಅಂತ. ಇಲ್ಲ ಅಂದೆ. ಸಮಾಧಾನಕ್ಕೆ ಸ್ಯಾಮ್ ಕತೆ ಹೇಳಿದೆ. ಸ್ಯಾಮ್ ಅಂದರೆ ಆ ಪುಸ್ತಕದ ತೋಟದ ಹುಡುಗ. ಅವನಿಗೆ ಎಲ್ಫ್ ರಾಣಿ ಒಂದು ಡಬ್ಬಿ ಮಣ್ಣು, ಒಂದೇ ಒಂದು ಮ್ಯಾಲೋರ್ನ್ ಬೀಜ ಕೊಟ್ಟಿರ್ತಾಳೆ. ಊರಿಗೆ ಬಂದು ನೋಡಿದರೆ ಊರವರೆಲ್ಲ ಸೇರುತ್ತಿದ್ದ ದೊಡ್ಡ ಮರ ಕಡಿದುಹೋಗಿರುತ್ತೆ. ಅವನು ಅದೇ ಜಾಗದಲ್ಲಿ ಆ ಬೀಜ ನೆಡ್ತಾನೆ.

ಅಜ್ಜಿ ಕಣ್ಣಲ್ಲಿ ನೀರು ಗೀರು ಬರಲಿಲ್ಲ. "ಬೀಜದ ಮೇಲಿನ ಕೆಂಪು ತೊಳೆದನಾ ಅವನು?" ಅಂದಳು. ಸಂಪಿಗೆ ಬೀಜದ ಮೇಲೆ ಕೆಂಪು ತಿರುಳು ಇರುತ್ತೆ, ಅದನ್ನು ಉಜ್ಜಿ ತೊಳೆದು ತಕ್ಷಣ ಹಾಕಬೇಕು, ಒಣಗಿಸಿ ಇಟ್ಟರೆ ಹುಟ್ಟಲ್ಲ. ಮಾರನೇ ದಿನ ನಮ್ಮ ಕ್ರಾಸಿನ ಕೊನೇ ಮನೆಯವರ ಮರದ ಕೆಳಗೆ ಅಜ್ಜಿ, ನಾನು ಹೋಗಿ ಆರಿಸಿದೆವು. ಹಕ್ಕಿ ಬಿಟ್ಟಿದ್ದು ಹನ್ನೆರಡು. ಪಿಜಿ ಪೇಂಟಿಂಗ್‌ನಲ್ಲಿ ಉಳಿದ ಬಕೆಟ್‌ಗೆ ತೂತು ಹೊಡೆದು ಹಾಕಿದೆವು. ಎರಡು ತಿಂಗಳು ಏನೂ ಇಲ್ಲ, ಪಿಜಿ ಹುಡುಗರು ಸಿಗರೇಟ್ ತುಂಡು ಎಸೆದು ಅಜ್ಜಿ ಹತ್ತಿರ ಬೈಸಿಕೊಂಡರು. ಈಗ ಮೂರು ಹುಟ್ಟಿವೆ. ನಾಲ್ಕು ನಾಲ್ಕು ಎಲೆ.

ನಮ್ಮ ಮನೇಲಿ ನೆಡೋಕೆ ಒಂದಡಿ ಮಣ್ಣಿಲ್ಲ. ಬೀಜದ ಸಂಪಿಗೆ ಹೂ ಬಿಡೋಕೆ ಎಂಟು ಹತ್ತು ವರ್ಷ ಬೇಕು, ಬೇರಿಗೆ ಜಾಗವೂ ಬೇಕು. ನಮ್ಮ ವರ್ಕ್‌ಶಾಪ್ ಹಿಂದೆ, ಹಳೇ ಲೇಥ್ ಎಸೆದಿರೋ ಕಡೆ, ಜಾಗ ಇದೆ ಅಂತ ಯಳಂದೂರು ಅಂತಾನೆ. ಮಳೆ ಶುರುವಾಗೋ ಮುಂಚೆ ಗುಂಡಿ ತೆಗೀಬೇಕು. ಅಲ್ಲಿ ನೆಡೋಕೆ ಯಾರನ್ನು ಕೇಳಬೇಕು ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ದರೆ, ಕ್ಲಾಸ್ ಬಿಟ್ಟ ಮೇಲೆ ಕ್ಯಾಂಟೀನ್ ಹತ್ತಿರ ಸಿಗಿ.