ಮದ್ರಾಸಿನ ಮಾಲುಗಳಿಂದ ಅಕ್ಕನಿಗೆ

ವಡಪಳನಿ, ಚೆನ್ನೈ
ರಾತ್ರಿ ಒಂದೂವರೆ ಗಂಟೆ



ಎಲ್ಲರೂ ಸುಖವಾಗಿದ್ದೇವೆ, ಗಾಬರಿ ಬೇಡ. ಅತ್ತೆಯ ಮಂಡಿ ಊದಿಕೊಂಡಿದೆ ಅಂದಿದ್ದೆನಲ್ಲ, ಈಗ ಇಳಿದಿದೆ. ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಟ್ಟ ಮೇಲೆ ಗೊರಕೆ ಶುರುವಾಯಿತು. ನಿದ್ದೆ ಬಾರದ್ದು ನನಗೆ. ಅಳಿಯಂದಿರು ಏಸಿಯನ್ನು ಹದಿನೆಂಟಕ್ಕೆ ಇಟ್ಟು ಮಲಗುವವರು, ನಾನು ಎರಡು ಕಂಬಳಿ ಹೊದ್ದು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಮಗ್ಗದ ಸದ್ದಿನ ನಡುವೆ ಅರ್ಧ ಕೇಳಿಸಿಕೊಂಡು ‘ಹೂಂ’ ಅಂತೀಯ. ಅದಕ್ಕೇ ಈ ಕಾಗದ.

ಮದ್ರಾಸಿನ ಒಳ್ಳೊಳ್ಳೆ ಮಾಲುಗಳನ್ನೆಲ್ಲ ನೋಡಿ ಬಾ, ಸೊಸೆಯ ಮುಹೂರ್ತದ ಸೀರೆ ಅಲ್ಲೇನಾದರೂ ಬೇರೆ ಥರ ಸಿಗುತ್ತದಾ ತಿಳ್ಕೊಂಡು ಬಾ ಅಂದಿದ್ದೆ. ನೋಡಿದೆ ಮಾರಾಯ್ತಿ. ರಾಯಪೇಟೆಯ ಎಕ್ಸ್‌ಪ್ರೆಸ್ ಅವೆನ್ಯೂ 2010ರದು, ಮೊದಲು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯವರು ಇದ್ದ ಜಾಗ. ವೇಳಚ್ಚೇರಿಯ ಫೀನಿಕ್ಸ್ 2013ರದು. ಅದನ್ನು ಪೂರ್ತಿ ಸುತ್ತುವ ಹೊತ್ತಿಗೆ ನಮ್ಮ ಇಳಂಪಿಳ್ಳೈಯ ಬೀದಿಗಳನ್ನೆಲ್ಲ ಒಂದು ಸಲ ತಿರುಗಿ ಬರಬಹುದು. ಮಗಳ ಮನೆ ಹತ್ತಿರದ ವಿಜಯಾ ಮಾಲ್ ಕೂಡ ಅದೇ 2013ರದು, ವಿಜಯ ವಾಹಿನಿ ಸ್ಟುಡಿಯೋದವರ ನೆಲದಲ್ಲಿ ಎದ್ದದ್ದು. ‘ಮಾಯಾಬಜಾರ್’ ಸಿನಿಮಾ ತೆಗೆದದ್ದು ಆ ಸ್ಟುಡಿಯೋದಲ್ಲೇ. ಘಟೋತ್ಕಚ ತಟ್ಟೆಗಟ್ಟಲೆ ತಿಂದು ತೇಗಿದ ಕಡೆ ಈಗ ಪಾಪ್‌ಕಾರ್ನ್ ಮಾರುತ್ತಾರೆ. ಬೆಲೆ ಕೇಳಿದ್ದರೆ ಅವನೂ ಉಪವಾಸ ಎದ್ದು ಹೋಗುತ್ತಿದ್ದ.

ಅತ್ತೆಗೆ ಸ್ಪೆನ್ಸರ್ ಪ್ಲಾಜಾ ನೋಡಲೇಬೇಕಿತ್ತು. ಬ್ರಿಟಿಷರ ಕಾಲದ ಹಳೇ ಸ್ಪೆನ್ಸರ್ ಕಟ್ಟಡ 1980ರ ದಶಕದಲ್ಲಿ ಸುಟ್ಟುಹೋಯಿತಲ್ಲ, ಮಾವನವರು ಅವರನ್ನು ಅಲ್ಲಿಗೆ ಮದುವೆಯಾದ ಹೊಸತರಲ್ಲಿ ಕರೆದೊಯ್ದಿದ್ದರಂತೆ. ಈಗಿನದರಲ್ಲಿ ಎಷ್ಟೋ ಅಂಗಡಿಗಳ ಷಟರ್ ಇಳಿದಿದೆ. ಕಾಶ್ಮೀರಿ ಶಾಲಿನ ಹುಡುಗರು ಮಾತ್ರ ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಅತ್ತೆ ಒಂದು ಮಾತೂ ಆಡದೆ ಹೊರಗೆ ಬಂದು ಕಡಲೆಕಾಯಿ ಕೊಂಡರು. ಮರೀನಾಕ್ಕೂ ಹೋದೆವು, ಸಮುದ್ರ ಇದೆ.

ಹಾಂ, ಮರೆಯುವ ಮುಂಚೆ ಬರೆದುಬಿಡುತ್ತೇನೆ. ಭಾವನ ಬೀಪಿ ಮಾತ್ರೆ ಡಬ್ಬದ ತಳದಲ್ಲಿ ಇನ್ನೊಂದು ಪಟ್ಟಿ ಇದೆ, ಮುಗಿಯಿತು ಅಂತ ಬಿಟ್ಟುಬಿಡುವುದು ಬೇಡ. ಮಲ್ಗೋವಾ ಹಣ್ಣಾಗಿದ್ದರೆ ಪಕ್ಕದ ಮನೆಗೂ ಕೊಡು, ಹೋದ ವರ್ಷದ ಮುನಿಸು ಸಾಕು.

ಈಗ ಸೀರೆ ವಿಷಯ. ಒಂದು ಮಾಲಿನ ದೊಡ್ಡ ಅಂಗಡಿಯಲ್ಲಿ ಸಾಫ್ಟ್ ಸಿಲ್ಕ್ ಅಂತ ಗಾಜಿನೊಳಗೆ ದೀಪ ಹಾಕಿ ಇಟ್ಟಿದ್ದರು. ನಾನು ಸೆರಗು ಮಗುಚಿ ಹಿಂಬದಿ ನೋಡಿದೆ, ಅಂಚಿನ ಹತ್ತಿರ ಬೆರಳಾಡಿಸಿದೆ. ಸಂಶಯವೇ ಇಲ್ಲ, ನಮ್ಮ ಕಡೆ ಮಗ್ಗದ್ದೇ. ಹೋದ ದೀಪಾವಳಿಗೆ ನೀವು ನೇಯ್ದ ಆ ನವಿಲು ಬುಟ್ಟಾ ಕೂಡ ಅಲ್ಲಿತ್ತು. ಬೆಲೆ ಬರೆದರೆ ಭಾವ ಊಟ ಬಿಟ್ಟಾರು. ನಮ್ಮಲ್ಲಿ ವ್ಯಾಪಾರಿ ಕೊಡುವುದರ ಮೂರರಷ್ಟು ಅಂದುಕೋ. ಅಂಗಡಿಯ ಹುಡುಗಿ, ‘ಮೇಡಂ, ಮಗುಚಬೇಡಿ, ಮಡಿಕೆ ಹಾಳಾಗುತ್ತೆ’ ಅಂದಳು. ಸೀರೆಯ ಹಿಂಬದಿ ನೋಡದೆ ಕೊಳ್ಳುವವರು ಈ ಊರಿನಲ್ಲಿ ಇಷ್ಟೊಂದು ಜನ ಇದ್ದಾರಲ್ಲ ಅಂತ ಅನ್ನಿಸಿತು.

ಆದರೆ ಹೇಳಬೇಕೆಂದಿದ್ದು ಇದಲ್ಲ. ಯಾವ ಮಾಲು ಅಂತ ಬರೆಯಲ್ಲ, ಅಳಿಯಂದಿರಿಗೆ ಅದೇ ಇಷ್ಟದ್ದು. ಮಗಳು ಆಫೀಸಿನ ಫೋನ್ ಬಂತು ಅಂತ ಕಾರಿಗೆ ಹೋದಳು. ಅತ್ತೆಗೆ ನಿಲ್ಲಲಾಗದು. ಅಷ್ಟು ದೊಡ್ಡ ಜಾಗ, ಕನ್ನಡಿ, ಕಾರಂಜಿ, ಅಮೃತಶಿಲೆ ಎಲ್ಲ ಇದೆ, ಕೂರಲು ಒಂದು ಕಲ್ಲುಬೆಂಚು ಇಲ್ಲ. ಮೇಲೆ ಊಟದ ಜಾಗದಲ್ಲಿ ಕುರ್ಚಿಗಳಿದ್ದವು. ಕೂತ ಕೂಡಲೇ ಒಬ್ಬ ಬಂದು, ಏನಾದರೂ ತಗೊಂಡರೆ ಮಾತ್ರ ಕೂರಬಹುದು ಅಂದ. ಆಯಿತು ಅಂತ ಕೌಂಟರಿಗೆ ಹೋದರೆ ದುಡ್ಡು ಕೊಟ್ಟು ತಿನ್ನುವಂತಿಲ್ಲ. ಒಂದು ಕಾರ್ಡಿಗೆ ದುಡ್ಡು ತುಂಬಿಸಬೇಕು, ಕಾರ್ಡಿನಿಂದ ಊಟ. ತುಂಬಿಸಿದೆ. ಒಂದು ಹಿಡಿ ಮೊಸರನ್ನ, ಮೇಲೆ ನಾಲ್ಕು ದಾಳಿಂಬೆ ಕಾಳು, ಬಟ್ಟಲಿಗೆ ನೂರನಲವತ್ತು. ಅತ್ತೆ ಒಂದು ತುತ್ತು ಬಾಯಿಗಿಟ್ಟು, ‘ಇದಕ್ಕೆ ಒಗ್ಗರಣೇನೇ ಬಿದ್ದಿಲ್ಲ ಕಣೇ’ ಅಂದರು.

ಮೇಜು ಒರೆಸುತ್ತಿದ್ದ ಹೆಂಗಸು ಥಟ್ಟನೆ ತಿರುಗಿದಳು. ‘ಅಮ್ಮಾ, ನೀವು ಕನ್ನಡದವರಾ? ಯಾವೂರು?’

ಸೇಲಂ ಹತ್ತಿರ ಅಂದೆ. ಅವಳು ಪೆನ್ನಾಗರಂ ಕಡೆಯವಳು. ನಮ್ಮ ಮಾತಿಗಿಂತ ಅವಳದರಲ್ಲಿ ತಮಿಳು ಸ್ವಲ್ಪ ಜಾಸ್ತಿ, ಆದರೂ ಅಲ್ಲಿಯವರ ಎಳೆದಾಡುವ ಕನ್ನಡವೇ. ಅತ್ತೆ ಮಂಡಿ ಹಿಡಿದುಕೊಂಡದ್ದು ನೋಡಿ ಒಳಗಿನಿಂದ ಇನ್ನೊಂದು ಕುರ್ಚಿ ತಂದು ಕಾಲು ಚಾಚಿಸಿದಳು, ಲೋಟದಲ್ಲಿ ಬಿಸಿನೀರು ತಂದಳು. ಮೊದಲು ಬಂದವನು ದೂರದಿಂದ ನೋಡಿದ. ಇವಳು ಒರೆಸುವ ಬಟ್ಟೆಯನ್ನು ಅವನ ಕಡೆ ಬೀಸಿ, ‘ನಮ್ಮೂರವರು, ನೀನು ಹೋಗು’ ಅಂದಳು. ಅವನು ಹೋದ ಅಕ್ಕ! ಅಷ್ಟು ಸುಲಭ.

ಅವಳ ಅಮ್ಮನಿಗೂ ಹೀಗೇ ಕಾಲಂತೆ. ವಯಸ್ಸಿನಿಂದಲ್ಲ, ನೀರಿನಿಂದ. ಧರ್ಮಪುರಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದು ನಿನಗೂ ಗೊತ್ತಲ್ಲ, ಅಲ್ಲಿಂದ ಬಂದ ಕೂಲಿಯಾಳುಗಳ ಹಲ್ಲು ಕಂದಾಗಿರುವುದನ್ನು ನೋಡಿದ್ದೀಯ. ಹೊಗೇನಕಲ್ಲಿನ ಕಾವೇರಿ ನೀರನ್ನು ಪೈಪಿನಲ್ಲಿ ಧರ್ಮಪುರಿ, ಕೃಷ್ಣಗಿರಿಗೆ ಹರಿಸಿದ್ದು 2013ರಲ್ಲಿ. ಈ ಊರಿಗೆ ಎರಡು ದೊಡ್ಡ ಮಾಲು ಬಂದ ವರ್ಷವೇ ಅವಳ ಕಡೆಯವರಿಗೆ ಕುಡಿಯುವ ನೀರು ಬಂತು ನೋಡು. ‘ನೀರು ಬಂತಮ್ಮಾ, ಅಷ್ಟರಲ್ಲಿ ಅವ್ವನ ಕಾಲು ಬಗ್ಗಿ ಹೋಗಿತ್ತು’ ಅಂದಳು. ರಾಗಿ ಹೊಲಕ್ಕೆ ಮಳೆಯಿಲ್ಲ, ಗಂಡ ಇಲ್ಲಿ ಕಟ್ಟಡದ ಕೆಲಸ, ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ.

ಕಾರ್ಡಿನಲ್ಲಿ ಉಳಿದ ಅರವತ್ತು ರೂಪಾಯಿ ವಾಪಸು ಬೇಕಾದರೆ ಬೇರೆ ಕೌಂಟರಿನಲ್ಲಿ ಸಾಲು ನಿಲ್ಲಬೇಕು. ಅವಳೇ ಹೋಗಿ ತಂದುಕೊಟ್ಟಳು, ಹತ್ತು ರೂಪಾಯಿ ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡಳು. ಬಿಡುವಿನ ಹೊತ್ತಿಗೆ ಹಿಂಬಾಗಿಲಿನಿಂದ ನಮ್ಮನ್ನು ಹೊರಗಿನ ಓಣಿಗೆ ಕರೆದೊಯ್ದಳು. ಅಲ್ಲಿ ಮಾಲಿನಲ್ಲಿ ದುಡಿಯುವವರೆಲ್ಲ ನಿಂತು ಕುಡಿಯುವ ಟೀ ಅಂಗಡಿ. ಬಿಸಿಬಿಸಿ ಮಸಾಲೆ ವಡೆ, ಖಡಕ್ ಟೀ. ಅತ್ತೆ ಎರಡು ವಡೆ ತಿಂದರು. ಇಲ್ಲಿ ತಟ್ಟುವಡೆ ಸೆಟ್ ಸಿಗುವುದಿಲ್ಲವೇ ಅಂತ ಅಂಗಡಿಯವನನ್ನು ಕೇಳಿ, ಸೇಲಮ್ಮಿನ ತಟ್ಟುವಡೆಗೆ ಬೀಟ್‌ರೂಟು, ಕ್ಯಾರೆಟ್ಟು ಹೇಗೆ ತುರಿದು ಇಡಬೇಕು ಅಂತ ಪಾಠ ಹೇಳಿದರು. ದುಡ್ಡು ನಾನು ತೆಗೆಯುವಷ್ಟರಲ್ಲಿ ಅವಳು ಕೊಟ್ಟಾಗಿತ್ತು. ಮಗಳು ನಮ್ಮನ್ನು ಹುಡುಕಿ ಸುಸ್ತಾಗಿ ಬಂದು ಬೈದಳು, ಆಮೇಲೆ ಅವಳೂ ಟೀ ಕುಡಿದಳು.

ಹೀಗಾಗಿ ಸೊಸೆಯ ಸೀರೆ ಇಲ್ಲಿ ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ನಮ್ಮ ಮಗ್ಗದಲ್ಲೇ ಹಾಸು ಏರಿಸಿ, ಬಣ್ಣ ಮಾತ್ರ ನಾನು ಬಂದ ಮೇಲೆ. ಹುಡುಗನ ಪಂಚೆಗೆ ಸೇಲಂ ವೆಣ್‌ಪಟ್ಟೇ ಆಗಲಿ, ಅದಕ್ಕೆ ಜಿಐ ಗುರುತೇ ಇದೆ, ಬೀಗರ ಮುಂದೆ ಅದನ್ನೂ ಹೇಳಬಹುದು. ನಿನ್ನ ಬ್ಲೌಸ್ ಪೀಸು ಟಿ. ನಗರದಲ್ಲಿ ಸಿಕ್ಕಿತು, ಬಣ್ಣ ಸ್ವಲ್ಪ ಗಾಢ, ಅದು ಆಮೇಲೆ...

ಇನ್ನೊಂದು. ಆ ಹೆಂಗಸಿನ ಮಗಳು ಪ್ಲಸ್ ಟೂ ಪಾಸಾಗಿದ್ದಾಳೆ, ಸೇಲಮ್ಮಿನ ಸರ್ಕಾರಿ ಮಹಿಳಾ ಕಲಾ ಕಾಲೇಜಿಗೆ ಅರ್ಜಿ ಹಾಕುತ್ತಾಳಂತೆ. ಆ ಸುತ್ತಿನಲ್ಲಿ ನಂಬಿಕೆಯ ಹೆಣ್ಣುಮಕ್ಕಳ ಹಾಸ್ಟೆಲು ಯಾವುದು, ತಿಂಗಳಿಗೆ ಎಷ್ಟು ಅಂತ ಭಾವನಿಗೆ ಹೇಳಿ ನಾಳೆಯೇ ವಿಚಾರಿಸಿ ಇಡು. ಅವಳ ನಂಬರು ನನ್ನ ಹತ್ತಿರ ಇದೆ.