ಹೌರಾ ಸೇತುವೆ

ರೈಲಿನಲ್ಲಿ ಕಲ್ಕತ್ತೆಗೆ ಹೋಗುವ ಯಾತ್ರಿಕರಲ್ಲಿ ಬಹುಮಂದಿ ಮೊದಲು ಇಳಿಯುವುದು ಆ ನಗರದಲ್ಲಲ್ಲ, ಹೂಗ್ಲಿ ನದಿಯ ಪಶ್ಚಿಮ ತೀರದಲ್ಲಿರುವ ಹೌರಾದಲ್ಲಿ. ನಿಲ್ದಾಣದಿಂದ ಹೊರಬಂದೊಡನೆ ನಮ್ಮ ಕಣ್ಣಿಗೆ ಬಿದ್ದುದು ಆಕಾಶವನ್ನೇ ಅಡ್ಡಗಟ್ಟಿದಂತೆ ನಿಂತಿರುವ ಉಕ್ಕಿನ ಮಹಾಸೇತುವೆ. ಅದನ್ನು ದಾಟಿಯೇ ನಾವು ಕಲ್ಕತ್ತೆಯನ್ನು ಸೇರಿದೆವು.

ಪೂರ್ವದಲ್ಲಿ ಇಲ್ಲಿದ್ದುದು ತೇಲುವ ಸೇತುವೆ. ಬ್ರಾಡ್‌ಫೋರ್ಡ್ ಲೆಸ್ಲಿ ಎಂಬ ಎಂಜಿನಿಯರನು ನೀರಿನ ಮೇಲೆ ತೇಲುದೋಣಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ದಾರಿಯನ್ನು ಹಾಸಿ, 1874ರಲ್ಲಿ ಅದನ್ನು ಪೂರೈಸಿದನು. ಕೆಲಸವು ಇನ್ನೂ ನಡೆಯುತ್ತಿದ್ದಾಗಲೇ ಬಿರುಗಾಳಿಗೆ ಸಿಕ್ಕಿದ ಹಡಗೊಂದು ಬಂದು ಬಡಿದು ಅದನ್ನು ಭಂಗಪಡಿಸಿತ್ತು. ಹಡಗುಗಳಿಗೆ ಎಡೆಗೊಡಬೇಕಾದಾಗಲೆಲ್ಲ ಸೇತುವೆಯ ನಡುಭಾಗವನ್ನು ಬಿಚ್ಚಿ ಸರಿಸುತ್ತಿದ್ದರು. ಆಗ ಗಾಡಿಗಳೂ ಪಾದಚಾರಿಗಳೂ ಎರಡು ದಡಗಳಲ್ಲಿಯೂ ಕಾದು ನಿಲ್ಲಬೇಕಾಗಿತ್ತು.

ಈಗಿನ ಸೇತುವೆಯ ಕಟ್ಟೋಣವು 1936ರಲ್ಲಿ ಮೊದಲಾಯಿತು. ನದಿಯ ನಡುವೆ ಇದಕ್ಕೆ ಒಂದು ಕಂಬವೂ ಇಲ್ಲ. ಸುಮಾರು 280 ಅಡಿ ಎತ್ತರದ ಎರಡು ಗೋಪುರಗಳು 1,500 ಅಡಿ ಅಂತರದಲ್ಲಿ ಎದುರುಬದುರಾಗಿ ನಿಂತು, ಒಂದರ ಕಡೆಗೊಂದು ತೋಳು ಚಾಚಿವೆ. ಕಾವಡಿ ಹೊತ್ತವನು ಹಿಂದು ಮುಂದಿನ ಭಾರವನ್ನು ಸರಿದೂಗಿಸುವಂತೆ, ನದಿಯ ಕಡೆಯ ತೋಳಿನ ಭಾರವನ್ನು ದಡದ ಕಡೆಯ ತೋಳು ನೆಲಕ್ಕೆ ಬಿಗಿದುಕೊಂಡು ತಡೆದಿದೆ. ನಾವು ನಡೆಯುವ ದಾರಿಯು ಮೇಲಣ ಚೌಕಟ್ಟಿನಿಂದ ಉಕ್ಕಿನ ತೂಗುಗಂಬಗಳ ಮೂಲಕ ಕೆಳಕ್ಕೆ ತೂಗುತ್ತಿದೆ.

ಇದಕ್ಕೆ ಬೇಕಾದ ಉಕ್ಕು 26,500 ಟನ್ನು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಹೊತ್ತಿಕೊಂಡು, ಇಂಗ್ಲೆಂಡಿನ ಉಕ್ಕು ಯುದ್ಧಕ್ಕೇ ಮೀಸಲಾಯಿತು. ಆಗ 23,000 ಟನ್ನಿನಷ್ಟು ಉಕ್ಕನ್ನು ಒದಗಿಸಿಕೊಟ್ಟುದು ನಮ್ಮ ದೇಶದ ಟಾಟಾ ಕಾರ್ಖಾನೆ. 1942ರ ಡಿಸೆಂಬರಿನಲ್ಲಿ ಜಪಾನೀಯರು ಕಲ್ಕತ್ತೆಯ ಮೇಲೆ ಬಾಂಬುಗಳನ್ನು ಹಾಕಿದರು. ಆದುದರಿಂದ 1943ರ ಫೆಬ್ರವರಿ 3ರಂದು ಈ ಸೇತುವೆಯನ್ನು ಯಾವ ಉತ್ಸವವೂ ಇಲ್ಲದೆ ಸದ್ದಿಲ್ಲದೆ ತೆರೆದರು. ಮೊದಲು ದಾಟಿದುದು ಒಂದು ಟ್ರಾಮ್ ಗಾಡಿ. 1965ರಲ್ಲಿ ಕವೀಂದ್ರ ರವೀಂದ್ರರ ನೆನಪಿಗಾಗಿ ಇದಕ್ಕೆ ರವೀಂದ್ರ ಸೇತು ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಹೌರಾ ಸೇತುವೆಯೇ. ಟ್ರಾಮುಗಳ ಓಡಾಟವು ಇದರ ಮೇಲೆ 1993ರಲ್ಲಿ ನಿಂತಿತು.

ಯುದ್ಧಕ್ಕೆ ಅಳಿಯದ ಈ ಉಕ್ಕಿಗೆ ಶತ್ರುವಾದುದು ಏನೆಂದು ಬಲ್ಲಿರಾ? ದಾರಿಹೋಕರ ಎಂಜಲು! ಅಡಕೆ ಸುಣ್ಣ ಗುಟ್ಕಾಗಳನ್ನು ಜಗಿದವರು ತೂಗುಗಂಬಗಳ ಬುಡದಲ್ಲಿ ಉಗುಳುತ್ತ ಬಂದುದರಿಂದ, ಅಲ್ಲಿಯ ಉಕ್ಕಿನ ಹೊದಿಕೆಗಳು ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಸವೆದುಹೋಗಿದ್ದುವೆಂದು 2011ರಲ್ಲಿ ಕಂಡುಬಂದಿತು. ಕೊನೆಗೆ ಆ ಬುಡಗಳಿಗೆ ಫೈಬರ್‌ಗ್ಲಾಸಿನ ಕವಚವನ್ನು ತೊಡಿಸಬೇಕಾಯಿತು.

ತಾಂಬೂಲವು ನಮ್ಮ ಮನೆಗಳಲ್ಲಿ ಮಂಗಲದ್ರವ್ಯ. ಅತಿಥಿಗೆ ಕೊಡುವ ಮರ್ಯಾದೆ. ಅದೇ ಬೀದಿಯಲ್ಲಿ ಉಗುಳಾದಾಗ, ಲಕ್ಷಾಂತರ ಜನರನ್ನು ದಿನವೂ ದಾಟಿಸುವ ಸೇತುವೆಯನ್ನೂ ತಿನ್ನಬಲ್ಲುದು. ಸಾವಿರಾರು ಕೈಗಳು ಏಳು ವರ್ಷ ದುಡಿದು ಕಟ್ಟಿದುದನ್ನು ಕಾಯುವುದಕ್ಕೆ ನಮ್ಮಿಂದ ಬೇಕಾದುದು ಇಷ್ಟೇ: ಬಾಯಿಯ ಮೇಲೆ ತುಸು ಹಿಡಿತ. ಮಕ್ಕಳಿಗೆ ಈ ಪಾಠವನ್ನು ಮನೆಯಲ್ಲಿಯೇ ಕಲಿಸಬಹುದು.