ಪದರು ಪದರಿನ ಇಟಲಿ

ಇಟಲಿಯ ಬೊಲೊನ್ಯಾ ನಗರಕ್ಕೆ ಆ ನಾಡಿನವರು ಮೂರು ಬಿರುದುಗಳನ್ನು ಕೊಟ್ಟಿದ್ದಾರೆ: ಪಂಡಿತೆ, ಕೆಂಬಣ್ಣದವಳು, ಮೈತುಂಬಿದವಳು. ಮೊದಲನೆಯದು 1088ರಲ್ಲಿ ಹುಟ್ಟಿತೆಂಬ ಪ್ರತೀತಿಯಿರುವ ಅಲ್ಲಿನ ವಿಶ್ವವಿದ್ಯಾನಿಲಯದಿಂದ ಬಂದದ್ದು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲವದು. ಎರಡನೆಯದು ಇಟ್ಟಿಗೆಯ ಗೋಡೆಗಳಿಂದ, ಹೆಂಚಿನ ಮಾಡುಗಳಿಂದ ಬಂದದ್ದು. ಮೂರನೆಯದು ಅಡುಗೆಮನೆಯ ಕೊಡುಗೆ. ಕನ್ನಡದ ಮೇಷ್ಟರಾದ ನನಗೆ ಮೊದಲನೆಯ ಬಿರುದಿನಲ್ಲಿಯೇ ಹೆಚ್ಚು ಗೌರವವಿರಬೇಕಾದದ್ದು ನ್ಯಾಯ. ಆದರೆ ಆ ಊರಿನಲ್ಲಿ ಕಳೆದ ಎಂಟು ದಿನಗಳಲ್ಲಿ ನಾನು ಹೆಚ್ಚಾಗಿ ಕಲಿತದ್ದು ಒಂದು ಅಡುಗೆಮನೆಯಲ್ಲಿ.

ಲಸಾನ್ಯಾ ಎಂಬ ತಿನಿಸಿನ ಹೆಸರು ಇಂದು ಬೆಂಗಳೂರಿನ ಮಕ್ಕಳಿಗೂ ಪರಿಚಿತವಾಗಿದೆ. ಗೋಧಿಹಿಟ್ಟಿನ ಅಗಲವಾದ ಹಾಳೆಗಳನ್ನು ನೀರಿನಲ್ಲಿ ಬೇಯಿಸಿ, ಒಂದರ ಮೇಲೊಂದಾಗಿ ಪೇರಿಸಿ, ನಡುನಡುವೆ ಗೊಜ್ಜನ್ನೂ ಚೀಸನ್ನೂ ಹರಡಿ, ಓವನ್ನಿನಲ್ಲಿ ಕಾಯಿಸಿದರೆ ಲಸಾನ್ಯಾ. ನಾವು ಅದನ್ನು ಒಂದೇ ತಿನಿಸೆಂದು ತಿಳಿದಿದ್ದೇವೆ. ಇಟಲಿಯವರ ಮುಂದೆ ಆ ಹೆಸರೆತ್ತಿದರೆ ‘ಯಾವ ಊರಿನದು?’ ಎಂಬ ಮರುಪ್ರಶ್ನೆ ಬರುತ್ತದೆ. ನಮ್ಮಲ್ಲಿ ಸಾರೆಂದರೆ ಮೈಸೂರಿನದೋ, ಉಡುಪಿಯದೋ, ಧಾರವಾಡದದೋ ಎಂದು ಕೇಳುವುದಿಲ್ಲವೆ? ಹಾಗೆಯೇ ಇದು.

ಬೊಲೊನ್ಯಾದಲ್ಲಿ ಸಂಶೋಧನೆ ನಡೆಸುತ್ತಿರುವ ನನ್ನ ಮಿತ್ರರೊಬ್ಬರು ಬಾಡಿಗೆಗಿರುವ ಮನೆಯ ಒಡತಿ, ನಿವೃತ್ತ ಶಾಲಾಶಿಕ್ಷಕಿ. ಭಾನುವಾರ ಬೆಳಗ್ಗೆ ಆಕೆ ಮರದ ಮಣೆಯ ಮೇಲೆ ಹಿಟ್ಟನ್ನು ಗುಡ್ಡೆಮಾಡಿ, ನಡುವೆ ಗುಳಿ ತೋಡಿದರು. 100 ಗ್ರಾಂ ಹಿಟ್ಟಿಗೆ 1 ಮೊಟ್ಟೆ. ಜೊತೆಗೆ ಬೇಯಿಸಿ, ಹಿಂಡಿ, ನುಣ್ಣಗೆ ಕೊಚ್ಚಿದ ಪಾಲಕ್ ಸೊಪ್ಪು. ಬೊಲೊನ್ಯಾದ ಲಸಾನ್ಯಾ ಹಸಿರು ಬಣ್ಣದ್ದು. ಕಣಕವನ್ನು ಅರ್ಧ ಗಂಟೆ ಮುಚ್ಚಿಟ್ಟು, ತೋಳುದ್ದದ ಲಟ್ಟಣಿಗೆಯಿಂದ ಲಟ್ಟಿಸತೊಡಗಿದರು. ಹಾಳೆಯನ್ನು ಎತ್ತಿ ಹಿಡಿದರೆ ಅದರ ಮೂಲಕ ಊರಾಚೆಯ ಗುಡ್ಡದ ಮೇಲಿನ ಸಾನ್ ಲೂಕಾ ದೇಗುಲ ಕಾಣಬೇಕೆಂಬುದು ಅಲ್ಲಿಯವರ ಮಾತು. ನನಗೆ ದೇಗುಲವೇನೂ ಕಾಣಲಿಲ್ಲ. ಕಿಟಕಿಯ ಬೆಳಕಂತೂ ಚೆನ್ನಾಗಿ ಕಂಡಿತು.

ಈ ಹಾಳೆಗಳ ನಡುವೆ ಹೋಗುವುದು ಎರಡು ಬಗೆಯ ಗೊಜ್ಜು. ಒಂದು ‘ರಗೂ’: ಈರುಳ್ಳಿ, ಕ್ಯಾರೆಟ್, ಸೆಲರಿಯ ದಂಟುಗಳೊಡನೆ ಕೊಚ್ಚಿದ ಮಾಂಸವನ್ನು ಸ್ವಲ್ಪ ಟೊಮೆಟೊ ಸೇರಿಸಿ, ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದ್ದು. ಇನ್ನೊಂದು ‘ಬೆಶಮೆಲ್’: ಬೆಣ್ಣೆಯಲ್ಲಿ ಸಮತೂಕದ ಹಿಟ್ಟನ್ನು ಹುರಿದು, ಹಾಲೆರೆದು, ಜಾಯಿಕಾಯಿ ತುರಿದು ಹಾಕಿದ ಬಿಳಿಯ ಗೊಜ್ಜು. 2003ರಲ್ಲಿ ಇಟಲಿಯ ಪಾಕ ಅಕಾಡೆಮಿಯವರು ಈ ಹಸಿರು ಲಸಾನ್ಯಾದ ವಿಧಾನವನ್ನು ಬೊಲೊನ್ಯಾದ ವಾಣಿಜ್ಯ ಮಂಡಲಿಯಲ್ಲಿ ವಿಧಿವತ್ತಾಗಿ ನೋಂದಾಯಿಸಿದ್ದಾರೆ. ಅಡುಗೆಗೂ ದಸ್ತಾವೇಜು! ಆ ವಿಷಯವೆತ್ತಿದಾಗ ಒಡತಿ ನಕ್ಕು, ‘ಅದು ಊರಿನ ಲಸಾನ್ಯಾ, ಇದು ನಮ್ಮಮ್ಮನದು’ ಎಂದರು.

ಬೊಲೊನ್ಯಾದಿಂದ ದಕ್ಷಿಣಕ್ಕೆ ನೇಪಲ್ಸಿಗೆ ಹೋದರೆ ಹಸಿರೂ ಇಲ್ಲ, ಬಿಳಿಯ ಗೊಜ್ಜೂ ಇಲ್ಲ. ಅಲ್ಲಿ ಡ್ಯೂರಮ್ ಗೋಧಿಯ ರವೆಯನ್ನು ಬರಿಯ ನೀರಿನಲ್ಲಿ ಕಲಸಿ ಒಣಗಿಸಿದ, ಅಂಚಿನಲ್ಲಿ ನಿರಿಗೆಗಳುಳ್ಳ ಹಾಳೆ. ಕೆಂಪಗಿನ ಟೊಮೆಟೊ ಗೊಜ್ಜು, ರಿಕೊಟ್ಟಾ ಎಂಬ ಮೃದುವಾದ ಚೀಸು, ಪುಟ್ಟ ಮಾಂಸದುಂಡೆಗಳು. ಈಸ್ಟರಿಗೆ ಮುಂಚಿನ ಉಪವಾಸಕಾಲ ತೊಡಗುವ ಮೊದಲು ಬರುವ ಕಾರ್ನಿವಲ್ ಹಬ್ಬದ ಭಕ್ಷ್ಯವಿದು. ಪೂರ್ವ ತೀರದ ಮಾರ್ಕೆ ಪ್ರಾಂತದಲ್ಲಿ ಇದರ ಹೆಸರೇ ಬೇರೆ: ‘ವಿಂಚಿಸ್‌ಗ್ರಾಸಿ’. 1799ರಲ್ಲಿ ಅಂಕೋನಾ ಪಟ್ಟಣವನ್ನು ಮುತ್ತಿದ ಆಸ್ಟ್ರಿಯದ ಸೇನಾನಿ ವಿಂಡಿಶ್‌ಗ್ರೇಟ್ಸನಿಗಾಗಿ ಇದನ್ನು ಮಾಡಿದರೆಂದು ಕಥೆ. ಆದರೆ ಅದಕ್ಕೂ ಮೊದಲೇ ಅಚ್ಚಾಗಿದ್ದ ಅಂತೋನಿಯೊ ನೆಬ್ಬಿಯಾನ ಪಾಕಗ್ರಂಥದಲ್ಲಿ ‘ಪ್ರಿಂಚಿಸ್‌ಗ್ರಾಸ್’ ಎಂಬ ಹೆಸರಿರುವುದರಿಂದ ಸೇನಾನಿಯ ಪಾಲು ಅಷ್ಟಕ್ಕಷ್ಟೆ. ವಾಯವ್ಯದ ಜಿನೋವಾದಲ್ಲಿ ಹಾಳೆಗಳಿಗೆ ‘ರೇಷ್ಮೆಯ ಕರವಸ್ತ್ರ’ವೆಂದು ಹೆಸರು. ಅಮೃತಶಿಲೆಯ ಒರಳಿನಲ್ಲಿ ಕಾಮಕಸ್ತೂರಿಯ ಎಲೆ, ಬೆಳ್ಳುಳ್ಳಿ, ಪೈನ್ ಬೀಜಗಳನ್ನು ಅರೆದು, ಚೀಸು ಮತ್ತು ಆಲಿವ್ ಎಣ್ಣೆ ಬೆರೆಸಿದ ಹಸಿರು ಚಟ್ನಿಯೇ ಅವಕ್ಕೆ ಒಡವೆ.

ಮಾಂಸವನ್ನೂ ಮೊಟ್ಟೆಯನ್ನೂ ತಿನ್ನದ ನನ್ನಂಥ ಅತಿಥಿಗೆ ಬೊಲೊನ್ಯಾದಲ್ಲಿ ಗತಿಯೇನು? ಒಡತಿಗೆ ತೊಂದರೆಯಾದೀತೆಂದು ನಾನು ಸಂಕೋಚಪಟ್ಟೆ. ಆಕೆ ಮಾತ್ರ ಒಂದಿಷ್ಟೂ ವಿಚಲಿತರಾಗಲಿಲ್ಲ. ಶುಕ್ರವಾರಗಳಲ್ಲಿಯೂ ಉಪವಾಸಕಾಲದಲ್ಲಿಯೂ ಮಾಂಸ ಬಿಡುವ ರೂಢಿ ಅವರ ಧರ್ಮದಲ್ಲಿಯೇ ಇದೆ. ಅಂಥ ಅಡುಗೆಗೆ ‘ಮಾಗ್ರೊ’, ಎಂದರೆ ‘ಬಡಕಲು’ ಎಂದು ಹೆಸರು. ನಮ್ಮ ಏಕಾದಶಿಯ ಫಲಾಹಾರದಂತೆ ಅದಕ್ಕೂ ತನ್ನದೇ ಆದ ಪರಂಪರೆಯುಂಟು. ನನಗಾಗಿ ಆಕೆ ನೇಪಲ್ಸಿನ ಮೊಟ್ಟೆಯಿಲ್ಲದ ಒಣಹಾಳೆಗಳನ್ನು ತರಿಸಿ, ಅಣಬೆಯ ಪಲ್ಯವನ್ನೂ ಬಿಳಿಯ ಗೊಜ್ಜನ್ನೂ ತುಂಬಿದರು. ಇನ್ನೊಂದು ತೊಡಕನ್ನು ತೋರಿಸಿಕೊಟ್ಟವರೂ ಆಕೆಯೇ. ಪ್ರಸಿದ್ಧವಾದ ಪಾರ್ಮಿಜಾನೊ ಚೀಸಿಗೆ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ. ಆಕೆ ಕನ್ನಡಕ ಹಾಕಿಕೊಂಡು ಅಂಗಡಿಯ ಪೊಟ್ಟಣಗಳ ಸಣ್ಣಕ್ಷರವನ್ನು ಒಂದೊಂದಾಗಿ ಓದಿ, ಸಸ್ಯಮೂಲದ ಹೆಪ್ಪಿನ ಚೀಸನ್ನೇ ಆರಿಸಿ ತಂದಿದ್ದರು. ತಾನು ನಂಬದ ನೇಮವನ್ನು ಅತಿಥಿಗಾಗಿ ಇಷ್ಟು ಶ್ರದ್ಧೆಯಿಂದ ಪಾಲಿಸಿದ ಆ ಕೈಗಳಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

ಅಷ್ಟಕ್ಕೂ ಯಾವುದು ‘ನಿಜವಾದ’ ಲಸಾನ್ಯಾ? 1300ರ ಸುಮಾರಿಗೆ ನೇಪಲ್ಸಿನ ಆಸ್ಥಾನದ ನಂಟಿನಲ್ಲಿ ಹುಟ್ಟಿದ ‘ಲೀಬೆರ್ ದೆ ಕೊಕ್ವೀನಾ’ ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಲಸಾನ್ಯಾ ಬರುತ್ತದೆ: ಹುಳಿ ಬಂದ ಹಿಟ್ಟು, ಮೂರು ಬೆರಳಗಲದ ತುಂಡುಗಳು, ಚೀಸು, ಮಸಾಲೆಯ ಪುಡಿ. ಮಾಂಸವಿಲ್ಲ, ಟೊಮೆಟೊ ಇಲ್ಲ. ಟೊಮೆಟೊ ಇಟಲಿಗೆ ಬಂದದ್ದೇ ಅಮೆರಿಕದಿಂದ, 1492ರ ನಂತರ. ನಮ್ಮ ಮೂರನೆಯ ಮಂಗರಸನು 16ನೆಯ ಶತಮಾನದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದಾಗ ನಮ್ಮ ಅಡುಗೆಯಲ್ಲಿಯೂ ಮೆಣಸಿನಕಾಯಿ ಬೇರೂರಿರಲಿಲ್ಲ. ಸಾಮಗ್ರಿ ಬದಲಾಗುತ್ತದೆ, ಉಳಿಯುವುದು ಪದರು ಹಾಕುವ ಕ್ರಮ, ಬಡಿಸುವ ಪ್ರೀತಿ.

ಮನೆಯಲ್ಲಿ ಮಾಡಬಯಸುವವರಿಗೆ ಎರಡು ಮಾತು. ನಮ್ಮ ಪೇಟೆಯಲ್ಲಿ ಸಿಗುವ ಒಣಹಾಳೆ, ಹಸಿರು ಚುಕ್ಕೆಯ ಗುರುತುಳ್ಳ ಚೀಸು, 1 ಲೀಟರ್ ಹಾಲಿಗೆ ಸುಮಾರು 80 ಗ್ರಾಂ ಬೆಣ್ಣೆ ಮತ್ತು ಅಷ್ಟೇ ಮೈದಾಹಿಟ್ಟಿನ ಬಿಳಿಯ ಗೊಜ್ಜು, ಪಾಲಕ್ ಅಥವಾ ಅಣಬೆಯ ಪಲ್ಯ, ಇಷ್ಟು ಸಾಕು. ಗೊಜ್ಜು ಹಾಳೆಯ ಅಂಚಿನವರೆಗೂ ಹರಡಿರಲಿ, ಇಲ್ಲವಾದರೆ ಅಂಚು ಹಪ್ಪಳವಾಗುತ್ತದೆ. 180 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆದೊಡನೆ ಕತ್ತರಿಸಬೇಡಿ; ಕಾಲು ಗಂಟೆ ಸುಮ್ಮನೆ ಬಿಟ್ಟರೆ ಪದರುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಸಿದ್ಧಹಾಳೆಯ ಪೊಟ್ಟಣಗಳು ಈಗ ಬೊಲೊನ್ಯಾದ ಅಂಗಡಿಗಳಲ್ಲಿಯೂ ಸಾಲುಗಟ್ಟಿವೆ. ಒಡತಿಯ ಮಗಳು ಲಟ್ಟಣಿಗೆ ಮುಟ್ಟುವುದಿಲ್ಲ. ಆದರೆ ಏಳು ವರ್ಷದ ಮೊಮ್ಮಗ ಅಂದು ಮಣೆಯ ಪಕ್ಕದಲ್ಲಿ ಪೀಠದ ಮೇಲೆ ನಿಂತು, ಉಳಿದ ಕಣಕದಲ್ಲಿ ಅಂಗೈಯಗಲದ ಹಾಳೆಯೊಂದನ್ನು ಲಟ್ಟಿಸಿದ. ಅದು ದಪ್ಪವಾಗಿತ್ತು, ಸೊಟ್ಟಗೂ ಇತ್ತು. ಅಜ್ಜಿ ಅದನ್ನು ಎಲ್ಲಕ್ಕಿಂತ ಮೇಲಿನ ಪದರಿನಲ್ಲಿ ಇಟ್ಟರು.